ಹೊಳೆ ದಾಟಿದ ನರ್ಸಮ್ಮ

ಕಳೆದ ತಿಂಗಳು ತಮ್ಮನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರವಿತ್ತು. ಮಗುವನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆದುಕೊಳ್ಳೋಣವೆಂದು ಹಿತ್ತಲಿನ ನಲ್ಲಿಯ ಹತ್ತಿರ ಹೋದೆ. ಕಟ್ಟೆಯ ಮೇಲೆ ಯಾರೋ ಒಂದು ಕೆಂಪು ಸೋಪು ಇಟ್ಟಿದ್ದರು. ಈಗಿನ ಸೋಪುಗಳು ಮಲ್ಲಿಗೆ, ನಿಂಬೆಹಣ್ಣು ಎಂದು ಏನೇನೋ ಘಮ್ಮೆನ್ನುತ್ತವೆ. ಇದು ಹಾಗಿರಲಿಲ್ಲ. ಹಳೆಯ ಕಾರ್ಬಾಲಿಕ್ ಸೋಪಿನ ಅದೇ ಘಾಟು ವಾಸನೆ... ಮೂಗಿಗೆ ಬಡಿದದ್ದೇ ತಡ, ನರ್ಸಮ್ಮ ಬಂದು ಪಕ್ಕದಲ್ಲಿ ನಿಂತಂತಾಯಿತು.

ಈ ವಯಸ್ಸಿನಲ್ಲಿ ನೆನಪುಗಳು ಹೇಳದೆ ಕೇಳದೆ ಬರುತ್ತವೆ. ಬಂದ ನೆಂಟರನ್ನು ಕೂರಿಸಿದ ಹಾಗೆ ಕೂರಿಸಿ, ನಾಲ್ಕು ಮಾತಾಡಿ, ಕಳಿಸಿಬಿಡುತ್ತೇನೆ. ಆದರೆ ನರ್ಸಮ್ಮ ಬಂದಾಗ ಮಾತ್ರ ನನಗೆ ತಲೆಯೆತ್ತಿ ನೋಡುವುದಕ್ಕೆ ಆಗುವುದಿಲ್ಲ. ನಮ್ಮ ಮನೆಯ ನಾಚಿಕೆ ಅದು. ಮನೆಯಲ್ಲಿ ಆಗ ಇದ್ದವರೆಲ್ಲ ಒಬ್ಬೊಬ್ಬರಾಗಿ ಹೋಗಿ, ಉಳಿದಿರುವ ನನ್ನ ಪಾಲಿಗೆ ಅಷ್ಟೂ ಬಂದಿದೆ.

ನಾವಾಗ ಚಾಮರಾಜನಗರದಲ್ಲಿದ್ದೆವು. ಐವತ್ತರ ದಶಕದ ಮಾತು. ಅಪ್ಪನಿಗೆ ಕಚೇರಿ ಕೆಲಸ. ಅಜ್ಜಿಯ ಜೀವವೆಲ್ಲ ನಮ್ಮ ಹಳ್ಳಿ ಉಡಿಗಾಲದ ಹೊಲದಲ್ಲಿ. ನಮ್ಮ ಮನೆಯ ಎದುರಿಗೆ ಒಂದು ಸಣ್ಣ ಹೆಂಚಿನ ಮನೆಯಲ್ಲಿ ನರ್ಸಮ್ಮ ಒಬ್ಬರೇ ಇದ್ದರು. ತೆರಕಣಾಂಬಿ ಕಡೆಯವರು. ಚಿಕ್ಕ ವಯಸ್ಸಿಗೇ ಗಂಡ ತೀರಿಹೋಗಿ, ಮೈಸೂರಿನ ಒಂದು ಆಸ್ಪತ್ರೆಯಲ್ಲಿ ದೊರೆಸಾನಿ ನರ್ಸುಗಳ ಕೈಕೆಳಗೆ ಹೆರಿಗೆ ಕೆಲಸ ಕಲಿತು ಬಂದು ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ಅಲ್ಲಿ ಕಲಿತ ಒಂದಿಷ್ಟು ಇಂಗ್ಲಿಷೂ ಅವರಿಗೆ ಬರುತ್ತಿತ್ತು. ನಮ್ಮ ಬೀದಿಯ ಮಕ್ಕಳೆಲ್ಲ ಈ ಲೋಕದಲ್ಲಿ ಮೊದಲು ಮೂಸಿದ್ದು ಆ ಕೈಗಳ ಕಾರ್ಬಾಲಿಕ್ ವಾಸನೆಯನ್ನೇ ಇರಬೇಕು.

ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಗಾಡಿ ಇಳಿಯದ ಕಡೆ ಸುವರ್ಣಾವತಿ ಹೊಳೆಯನ್ನು ನಡೆದೇ ದಾಟುತ್ತಿದ್ದರು. ಹೊಳೆಯ ಅಂಚಿಗೆ ಬಂದವರೇ ಬಗ್ಗಿ, ಬೊಗಸೆ ನೀರು ಮೊಗೆದು ಎರಡೂ ಕಣ್ಣಿಗೆ ಒತ್ತಿಕೊಂಡು, ನೆತ್ತಿಗೆ ಚಿಮುಕಿಸಿಕೊಳ್ಳುತ್ತಿದ್ದರು. ಆಮೇಲೆ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹೆರಿಗೆ ಸಾಮಾನಿನ ಚರ್ಮದ ಚೀಲವನ್ನು ತಲೆಯ ಮೇಲಿಟ್ಟು, ಎಡಗೈಯಲ್ಲಿ ಹಿಡಿದು ನೀರಿಗಿಳಿಯುತ್ತಿದ್ದರು. ಹರದನಹಳ್ಳಿ ಕಡೆ ನೆಂಟರ ಮನೆಗೆ ಹೋಗುವ ನಮ್ಮ ಬೀದಿಯ ಹೆಂಗಸರೆಲ್ಲ ಅವರ ಜೊತೆ ಒಂದಲ್ಲ ಒಂದು ಸಲ ಹೊಳೆ ದಾಟಿದವರೇ.

ಅವರದ್ದೊಂದು ಕಟ್ಟುನಿಟ್ಟು ಇತ್ತು. ಒಂದು ಮನೆಯ ಬಸಿರಿನ ಮಾತನ್ನು ಇನ್ನೊಂದು ಮನೆಯಲ್ಲಿ ಆಡುತ್ತಿರಲಿಲ್ಲ. ಯಾರಿಗೆ ನಿಂತಿತು, ಯಾರಿಗೆ ಇಳಿದುಹೋಯಿತು, ಯಾರ ಮಗು ಯಾವ ಮೈಬಣ್ಣದ್ದು, ಏನು ಕೇಳಿದರೂ ನಕ್ಕು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಜ್ಜಿಗೆ ಅದೊಂದೇ ಅವರ ಮೇಲೆ ಸಿಟ್ಟು. ಊರ ಹೊಟ್ಟೆಯ ವಿಷಯವೆಲ್ಲ ಗೊತ್ತಿದ್ದೂ ಒಂದು ಕಾಳು ಉದುರಿಸುವುದಿಲ್ಲ ಎಂದು ಗೊಣಗುತ್ತಿತ್ತು.

ನಮ್ಮ ಬೀದಿಯದ್ದೂ ಒಂದು ಕಟ್ಟಳೆಯಿತ್ತು. ಮಗುವನ್ನು ಹಿಡಿದ ಕೈಯೇ ಅದನ್ನು ಮೊದಲು ತೊಟ್ಟಿಲಿಗೆ ಹಾಕಬೇಕು. ಹೆಸರಿಡುವ ದಿನ ನರ್ಸಮ್ಮನನ್ನು ಅರಿಶಿನ ಕುಂಕುಮ ಹಿಡಿದುಕೊಂಡು ಹೋಗಿ ಕರೆಯುತ್ತಿದ್ದರು. ಗಂಡ ಸತ್ತವರೆಂದು ಬೇರೆ ಯಾವ ಶುಭಕ್ಕೂ ಅವರನ್ನು ಮುಂದೆ ಬಿಡದ ನಮ್ಮ ಜನ, ಆ ಒಂದು ದಿನ ಮಾತ್ರ ಅವರನ್ನು ನಡುಮನೆಯಲ್ಲಿ ಮಣೆ ಹಾಕಿ ಕೂರಿಸುತ್ತಿದ್ದರು. ಅವರು ಮಗುವನ್ನು ತೊಟ್ಟಿಲಿಗೆ ಹಾಕಿದ ಮೇಲೆಯೇ ಹಾಡು. ಮೊದಲ ತಾಂಬೂಲ, ಮಡಿಲಕ್ಕಿ ಅವರಿಗೇ. ಆ ದಿನಗಳಲ್ಲಿ ಅವರು ಉಡುತ್ತಿದ್ದ ಸೀರೆಯೇ ಬೇರೆ, ನಡೆಯುತ್ತಿದ್ದ ರೀತಿಯೇ ಬೇರೆ.

ಇಂಥ ನರ್ಸಮ್ಮನಿಗೆ ಒಂದು ವರ್ಷ ಗುಂಡ್ಲುಪೇಟೆ ಕಾಡಿಗೆ ಬುಲಾವ್ ಬಂತು. ಅಮೇರಿಕದಿಂದ ಸಿನಿಮಾ ಕಂಪನಿಯೊಂದು ಬಂದು ಗುಂಡ್ಲುಪೇಟೆ ದಾಟಿ ಕಾಡಿನೊಳಗೆ ಡೇರೆ ಹೊಡೆದಿತ್ತು. ಜೀಪುಗಳೇನು, ಬಾಡಿಗೆ ಆನೆಗಳೇನು... ಬಸ್ಸು ಹತ್ತಿ ನೋಡಿ ಬಂದವರು ದಿನಗಟ್ಟಲೆ ಅದನ್ನೇ ಹೇಳುತ್ತಿದ್ದರು. ಸಿನಿಮಾದ ನಾಯಕಿಗೆ ಮೈ ಸರಿಯಿಲ್ಲ, ಇಂಗ್ಲಿಷ್ ಬಲ್ಲ ನರ್ಸೊಬ್ಬರು ಜೊತೆಗಿರಬೇಕು ಎಂದು ಕಂಪನಿಯವರು ಕೇಳಿದರಂತೆ. ಆಸ್ಪತ್ರೆಯ ಡಾಕ್ಟರು ನಮ್ಮ ನರ್ಸಮ್ಮನನ್ನು ಕಳಿಸಿದರು.

ವಾಪಸು ಬಂದ ಮೇಲೆ ಅವರ ಜಗಲಿ ನಮ್ಮ ಬೀದಿಯ ಟಾಕೀಸಾಯಿತು. ಸಂಜೆಯಾದರೆ ಹೆಂಗಸರು, ಮಕ್ಕಳು ಅಲ್ಲೇ. ಆ ನಟಿಯನ್ನು ನರ್ಸಮ್ಮ 'ಅಮೇರಿಕದಮ್ಮ' ಎನ್ನುತ್ತಿದ್ದರು. ದೂರದ ಯಾವುದೋ ಹಳ್ಳಿಯಲ್ಲಿ, ಹಂದಿ ಸಾಕುವವನ ಮಗಳಾಗಿ ಹುಟ್ಟಿದವಳಂತೆ. ತಾಯಿ ಊರವರ ಬಟ್ಟೆ ಒಗೆದು ಸಾಕಿದ್ದಳಂತೆ. ಹುಡುಗಿ ಪೇಟೆಯಲ್ಲೊಂದು ಟೋಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಯಾರೋ ನೋಡಿ ಸಿನಿಮಾಕ್ಕೆ ಕರೆದುಕೊಂಡು ಹೋದರಂತೆ. ಕಂಪನಿಯವರು ಮೊದಲು ಅವಳ ಹೆಸರು ಬದಲಾಯಿಸಿದರು, ಆಮೇಲೆ ಹಲ್ಲು ಕಟ್ಟಿಸಿದರು, ಆಮೇಲೆ ಹಣೆ ಅಗಲ ಕಾಣಲೆಂದು ಮುಂದಲೆಯ ಕೂದಲನ್ನೇ ಕೀಳಿಸಿದರು. ಏನು ತಿನ್ನಬೇಕು, ಯಾರ ಜೊತೆ ಓಡಾಡಬೇಕು, ಯಾವಾಗ ಮದುವೆಯಾಗಬೇಕು, ಎಲ್ಲವನ್ನೂ ಕಾಗದದಲ್ಲಿ ಬರೆದು ರುಜು ಹಾಕಿಸಿಕೊಂಡಿದ್ದರಂತೆ.

"ಸೊಸೆ ಮ್ಯಾಲೆ ಅತ್ತೆಗೂ ಇಷ್ಟು ಅಧಿಕಾರ ಇಲ್ವಲ್ಲವ್ವ!" ಎಂದು ಅಜ್ಜಿ ಬೆರಗಾಗಿ ಹೇಳಿದ್ದು ನೆನಪಿದೆ. ಎಲ್ಲರೂ ನಕ್ಕಿದ್ದೆವು.

ಆಕೆಗೆ ಆಗಲೇ ಮೂವತ್ತು ದಾಟಿತ್ತು. ಎರಡು ಮದುವೆ ಮುರಿದಿದ್ದವು. ಅವಳ ಜಾಗಕ್ಕೆ ಬೇರೆ ಹುಡುಗಿಯರು ಸಾಲುಗಟ್ಟಿ ನಿಂತಿದ್ದರು. ಈ ಕಾಡಿನ ಸಿನಿಮಾ ಕೈಗೂಡದಿದ್ದರೆ ತನ್ನನ್ನು ಇನ್ನು ಯಾರೂ ನಾಯಕಿ ಮಾಡುವುದಿಲ್ಲ ಎಂದು ಅಳುತ್ತಿದ್ದಳಂತೆ. ಇದನ್ನು ಹೇಳಿ ನರ್ಸಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಅಷ್ಟ್ ಬೆಳ್ಳಗಿದ್ರೂ, ಕಷ್ಟ ನಮ್ದೇ ಬಣ್ಣ ಕಣ್ರವ್ವ" ಎನ್ನುತ್ತಿದ್ದರು. ಏನು ಕಾಯಿಲೆಯಿತ್ತು ಅವಳಿಗೆ ಎಂದು ಯಾರೋ ಕೇಳಿದರೆ, ಹವಾ ಒಗ್ಗಲಿಲ್ಲ ಎಂದು ಹೇಳಿ ಮುಂದಿನ ಕತೆಗೆ ಹೋಗಿಬಿಡುತ್ತಿದ್ದರು.

ಒಂದೆರಡು ವರ್ಷ ಕಳೆದ ಮೇಲೆ ಆ ಸಿನಿಮಾ ನಮ್ಮೂರಿನ ಟೆಂಟಿಗೆ ಬಂತು. ನಮ್ಮ ಕಾಡು, ನಮ್ಮ ಆನೆ, ನಮ್ಮ ನರ್ಸಮ್ಮ ಮಾತಾಡಿಸಿದ ಅಮೇರಿಕದಮ್ಮ... ಬೀದಿಗೆ ಬೀದಿಯೇ ಹೊರಟಿತು. ಟೆಂಟಿನ ಎಡಭಾಗ ಹೆಂಗಸರಿಗೆ, ಬಲಭಾಗ ಗಂಡಸರಿಗೆ, ಮಧ್ಯೆ ಒಂದು ಗೋಣಿತಟ್ಟಿನ ತಡಿಕೆ. ಅಜ್ಜಿ ಮುಂದೆ ಚಾಪೆ ಹಾಸಿಕೊಂಡು ಕೂತಿತು. ಅವ್ವ ಆಗ ತುಂಬಿದ ಬಸುರಿ. ಅವರ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ನರ್ಸಮ್ಮ. ಅವರಿಗೆ ಬರುವ ಮನಸ್ಸೇ ಇರಲಿಲ್ಲ. ಅವ್ವನೇ ಕೈ ಹಿಡಿದು ಎಳೆದುಕೊಂಡು ಬಂದಿದ್ದರು.

ಮಾತು ಇಂಗ್ಲಿಷಿನದ್ದಾದ್ದರಿಂದ ಟೆಂಟಿನವನೊಬ್ಬ ಮೈಕು ಹಿಡಿದು ಕನ್ನಡದಲ್ಲಿ ಕತೆ ಹೇಳುತ್ತಿದ್ದ. ಕಳ್ಳರು ಅಟ್ಟಿಸಿಕೊಂಡು ಬರುತ್ತಾರೆ, ನಾಯಕಿ ಓಡಿ ಓಡಿ ಹೊಳೆಯ ಹತ್ತಿರ ಬರುತ್ತಾಳೆ. ಅಲ್ಲಿಂದ ಮುಂದೆ ಅವಳ ಬೆನ್ನು ಮಾತ್ರ ಕಾಣುತ್ತದೆ. ಹೊಳೆಯುವ ಹೊಂಗೂದಲು, ತೆಳ್ಳನೆಯ ಗೌನು. ನೀರಿಗಿಳಿಯುವ ಮುಂಚೆ ಅವಳು ಬಗ್ಗಿ, ಬೊಗಸೆ ನೀರು ಮೊಗೆದು, ಕಣ್ಣಿಗೆ ಒತ್ತಿಕೊಂಡು, ನೆತ್ತಿಗೆ ಚಿಮುಕಿಸಿಕೊಂಡಳು.

ಮೈಕಿನವನಿಗೆ ಖುಷಿಯೋ ಖುಷಿ. ನೋಡಿ ಮಹಾಜನಗಳೇ, ಅಮೇರಿಕದವಳೂ ನಮ್ಮ ಗಂಗಮ್ಮನಿಗೆ ನಡೆದುಕೊಳ್ಳುತ್ತಾಳೆ ಎಂದು ಕೂಗಿದ. ಟೆಂಟಿಗೆ ಟೆಂಟೇ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಆಮೇಲೆ ಅವಳು ಗೌನನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ತೊಡೆಯವರೆಗೆ ಕಾಲು ಕಂಡಿತು. ನೀರು ಸೊಂಟಕ್ಕೆ, ಎದೆಗೆ ಬಂತು. ಬಟ್ಟೆ ಮೈಗೆ ಅಂಟಿಕೊಂಡಿತು. ಅಷ್ಟು ನೀರಿನ ನಡುವೆ ಅವಳ ಎಡಗೈ ಮೇಲೆದ್ದು ತಲೆಯ ಮೇಲೆ ಕೂತಿತು. ಅಲ್ಲಿ ಏನೂ ಇರಲಿಲ್ಲ. ಆದರೂ ಆ ಕೈ ಏನನ್ನೋ ಹಿಡಿದುಕೊಂಡೇ ಆಚೆ ದಡ ಮುಟ್ಟಿತು.

ಹೆಂಗಸರ ಕಡೆ ಚಪ್ಪಾಳೆ ಅಲ್ಲಲ್ಲೇ ನಿಂತುಹೋಯಿತು. ಅಜ್ಜಿ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಆಶ್ಚರ್ಯಕ್ಕೆ ಬಾಯಿಂದ ಬಂದುಬಿಟ್ಟಿತು.

"ಅಯ್ಯೋ, ಅದು ನಮ್ ನರ್ಸಮ್ಮ ಕಣ್ರೇ!"

ತಡಿಕೆಯ ಆಚೆಯಿಂದ ಯಾರೋ ಸಿಳ್ಳೆ ಹೊಡೆದರು. ಆಮೇಲೆ ಇನ್ನೊಬ್ಬರು. ಮತ್ತೆ ಆ ಕಡೆಯವರೆಲ್ಲ. ನರ್ಸಮ್ಮ ಎದ್ದು ಹೋಗಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ. ಸಿನಿಮಾ ಮುಗಿಯುವವರೆಗೂ ಪರದೆಯನ್ನೇ ನೋಡುತ್ತಾ ಕೂತಿದ್ದರು. ಮುಗಿದ ಮೇಲೆ ನಮ್ಮ ಜೊತೆಗೇ ನಡೆದು ಬಂದರು.

ಆಮೇಲಿನ ದಿನಗಳು ಬೇಡವೇ ಬೇಡ. ಅವರು ಬೀದಿಯಲ್ಲಿ ನಡೆದರೆ ಪಡ್ಡೆ ಹುಡುಗರು ಎಡಗೈಯನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದರು. ಪರದೇಶದವರ ಮುಂದೆ ಮೈ ತೋರಿಸಿದವಳು ಎಂದರು. ಇಂಥವಳ ಕೈಯಲ್ಲಿ ಹುಟ್ಟಿದ ಮಗು ಏನಾದೀತು ಎಂದರು. ಏಕೆ ಹಾಗೆ ಮಾಡಿದೆ ಎಂದು ಮುಖಕ್ಕೇ ಕೇಳಿದವರಿಗೆ ಅವರದ್ದು ಒಂದೇ ಉತ್ತರ, "ಮಾಡ್ಬೇಕಾಗಿತ್ತು, ಮಾಡ್ದೆ." ಗಾಡಿಗಳು ಬರುವುದು ನಿಂತಿತು. ಚರ್ಮದ ಚೀಲ ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದದ್ದು ನಮ್ಮ ಜಗಲಿಗೇ ಕಾಣುತ್ತಿತ್ತು. ನನಗಂತೂ ಶಾಲೆಯಲ್ಲಿ ಅವರ ಎದುರು ಮನೆಯವಳು ಎನ್ನಿಸಿಕೊಳ್ಳುವುದೇ ಅವಮಾನವಾಗಿತ್ತು. ಅಪ್ಪ ಒಂದು ಬೆಳಿಗ್ಗೆ, ಹೆರಿಗೆಗೆ ಆಕೆ ನಮ್ಮ ಹೊಸ್ತಿಲು ತುಳಿಯಕೂಡದು ಎಂದು ಅವ್ವನಿಗೆ ಹೇಳಿ ಕಚೇರಿಗೆ ಹೋದರು.

ಉಡಿಗಾಲದಿಂದ ಮುದಿ ಸೂಲಗಿತ್ತಿಯೊಬ್ಬಳನ್ನು ಅಜ್ಜಿ ಮುಂಚೆಯೇ ಕರೆಸಿ ಇಟ್ಟುಕೊಂಡಿತು. ನೋವು ಬಂದದ್ದು ಒಂದು ಮಟಮಟ ಮಧ್ಯಾಹ್ನ. ಮಗು ತಿರುಗಿರಲಿಲ್ಲ. ಮುದುಕಿ ತನಗೆ ತಿಳಿದದ್ದೆಲ್ಲ ಮಾಡಿ, ಕೊನೆಗೆ ಬೆವರು ಒರೆಸಿಕೊಂಡು ತಾನೇ ಹೇಳಿದಳು: "ನನ್ ಕೈಲಾಗಾಕಿಲ್ಲ ಕಣವ್ವ. ಎದುರುಮನೆ ತಾಯಿನ ಕರ್ಸು."

ಅಜ್ಜಿ ತಾನೇ ಬೀದಿ ದಾಟಿ ಹೋಯಿತು. ಅಲ್ಲಿ ಏನು ಹೇಳಿತೋ ನನಗೆ ಕೇಳಿಸಲಿಲ್ಲ. ಕಂಡದ್ದು ಇಷ್ಟೇ. ನರ್ಸಮ್ಮ ಚೀಲ ತೆಗೆದುಕೊಂಡು ಸೀದಾ ನಮ್ಮ ಬಾಗಿಲಿಗೆ ಬರಲು ಹೊರಟರು. ಅಜ್ಜಿ ಅವರ ತೋಳು ಹಿಡಿದು, ಓಣಿ ಸುತ್ತಿಸಿ, ಸಗಣಿ ಗುಂಡಿಯ ಪಕ್ಕದಿಂದ ಹಿತ್ತಲ ಬಾಗಿಲಿಗೆ ಕರೆದುಕೊಂಡು ಬಂತು. ಅಪ್ಪನ ಮಾತೂ ಉಳಿಯಬೇಕು, ಸೊಸೆಯೂ ಉಳಿಯಬೇಕು! ಹಿತ್ತಲ ನೀರಿನ ತೊಟ್ಟಿಯಲ್ಲಿ ಅವರು ಕೈಗೆ ಸೋಪು ತಿಕ್ಕಿ ತಿಕ್ಕಿ ತೊಳೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಖದಲ್ಲಿ ಸಿಟ್ಟಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡರು. ಅಪ್ಪ ಕಚೇರಿಯಿಂದ ಬರುವಷ್ಟರಲ್ಲಿ ತಮ್ಮ ಹುಟ್ಟಿದ್ದ, ಅವರು ಹಿತ್ತಲಿನಿಂದಲೇ ಹೊರಟುಹೋಗಿದ್ದರು.

ಹೆಸರಿಡುವ ದಿನ ನಮ್ಮ ಬಾಗಿಲಿಗೆ ತೋರಣ ಕಟ್ಟಿದರು. ಬೀದಿಯ ಎಲ್ಲ ಮನೆಗೂ ಕರೆ ಹೋಯಿತು, ಎದುರಿನ ಒಂದು ಮನೆ ಬಿಟ್ಟು. ಉಡಿಗಾಲದ ಮುದುಕಿಯನ್ನು ಮಣೆಯ ಮೇಲೆ ಕೂರಿಸಿ ಮಗುವನ್ನು ತೊಟ್ಟಿಲಿಗೆ ಹಾಕಿಸಿದರು. ಆ ಮುದುಕಿಗೇ ಸಂಕೋಚ. ಅವ್ವ ತಲೆ ತಗ್ಗಿಸಿ ಕೂತಿದ್ದರು. ಬಾಗಿಲಿನಿಂದ ನೋಡಿದರೆ ಎದುರು ಜಗಲಿಯಲ್ಲಿ ನರ್ಸಮ್ಮ ನಿಂತಿದ್ದರು. ಶಾಸ್ತ್ರಗಳಿಗೆ ಉಡುತ್ತಿದ್ದ ಸೀರೆಯನ್ನು ಉಟ್ಟಿದ್ದರು. ಹಾಡು ಶುರುವಾದದ್ದು ಕೇಳಿಸಿತೇನೋ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಊಟವಾದ ಮೇಲೆ ಅಜ್ಜಿ ಒಂದು ತಟ್ಟೆಯಲ್ಲಿ ಹೋಳಿಗೆ ಮುಚ್ಚಿಕೊಟ್ಟು, ಹಿತ್ತಲಿನಿಂದ ಹೋಗಿ ಕೊಟ್ಟು ಬಾ ಎಂದು ನನ್ನನ್ನು ಕಳಿಸಿತು. ನರ್ಸಮ್ಮ ತಟ್ಟೆ ತೆಗೆದುಕೊಂಡರು. ಉಟ್ಟ ಸೀರೆ ಬದಲಾಯಿಸಿಬಿಟ್ಟಿದ್ದರು.

"ಮಗ ಚೆಂದಾಗಿ ಹಾಲ್ ಕುಡೀತವ್ನೇನಮ್ಮಿ?" ಎಂದು ಕೇಳಿದರು. ಹೂಂ ಎಂದೆ. ಅಷ್ಟೇ ನಮ್ಮ ಮಾತು.

ಸ್ವಲ್ಪ ದಿನಗಳಲ್ಲೇ ಅವರು ಗುಂಡ್ಲುಪೇಟೆಗೆ ವರ್ಗ ಮಾಡಿಸಿಕೊಂಡು ಹೋದರು. ಬಸ್ಸಿನವರೆಗೆ ಟ್ರಂಕು ಹೊತ್ತವನು ಕೂಲಿಯವನು. ನಮ್ಮ ಬೀದಿಯಿಂದ ಒಬ್ಬರೂ ಹೋಗಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ, ಅಪ್ಪ, ಅಜ್ಜಿ ಇಬ್ಬರೂ ಹೋದ ಮೇಲೆ, ಒಂದು ದಿನ ಪತ್ರಿಕೆಯ ಒಳಪುಟದಲ್ಲಿ ಒಂದು ಹಳೆಯ ಫೋಟೋ ಕಂಡೆ. ನಮ್ಮ ಕಡೆಯ ಕಾಡಿನಲ್ಲಿ ಚಿತ್ರೀಕರಣಕ್ಕೆ ಬಂದಿದ್ದ ಅಮೇರಿಕದ ನಟಿ ತೀರಿಕೊಂಡಿದ್ದಳು. ಅವ್ವ ರಾಗಿ ಕೇರುತ್ತಾ ಕೂತಿದ್ದರು, ಓದಿ ಹೇಳಿದೆ. ಬಡ ರೈತನ ಮಗಳು. ಟೋಪಿ ಅಂಗಡಿಯಿಂದ ಬೆಳ್ಳಿತೆರೆಗೆ. ಕಾಡಿನ ಚಿತ್ರದಿಂದ ಅವಳ ಹೆಸರು ಮತ್ತೆ ಚಿಗುರಿತು. ಅದರಲ್ಲಿ ಬದಲಿ ನಟಿಯಿಲ್ಲದೆ ತುಂಬಿದ ಹೊಳೆ ದಾಟಿದ ಅವಳ ಧೈರ್ಯವನ್ನು ಎಲ್ಲರೂ ಕೊಂಡಾಡಿದ್ದರು. ಆಮೇಲೆ ಇನ್ನೂ ಹಲವು ವರ್ಷ ಅಭಿನಯಿಸಿದಳು. ಮೂರು ಮದುವೆಗಳಾಗಿದ್ದವು. ಮಕ್ಕಳಿರಲಿಲ್ಲ.

ಅವ್ವನ ಮೊರ ನಿಂತಿತು.

"ಇತ್ತು" ಎಂದರು.

ಆ ಮಧ್ಯಾಹ್ನ ಕೋಣೆಯಲ್ಲಿ, ನೋವಿನ ನಡುವೆ, ಅವ್ವ ನರ್ಸಮ್ಮನ ಕೈ ಹಿಡಿದು ಕೇಳಿಯೇಬಿಟ್ಟಿದ್ದರಂತೆ, ಯಾಕೆ ಹೊಳೆಗಿಳಿದಿರಿ ಎಂದು. ಸಾಯುತ್ತೇನೇನೋ ಎಂಬ ಹೆದರಿಕೆಯಲ್ಲಿದ್ದ ಅವ್ವನಿಗೆ ನರ್ಸಮ್ಮ ಸುಳ್ಳು ಹೇಳಲಿಲ್ಲ. ಅಮೇರಿಕದಮ್ಮ ಬಸುರಿಯಾಗಿದ್ದಳು. ಕಂಪನಿಗೆ ತಿಳಿದರೆ ಚಿತ್ರದಿಂದ ತೆಗೆಯುತ್ತಾರೆಂದು ಮುಚ್ಚಿಟ್ಟಿದ್ದಳು. ಅವಳು ತಂಗಿದ್ದ ಕಾಡಿನ ಬಂಗಲೆಯಲ್ಲಿ ಬಸಿರು ಇಳಿದುಹೋಯಿತು. ಮಾರನೆಯ ದಿನವೇ ಹೊಳೆಯ ದೃಶ್ಯ. ನೀರು ಏರುತ್ತಿದೆ, ಇವತ್ತು ಬಿಟ್ಟರೆ ಆಗುವುದಿಲ್ಲ ಎಂದು ಕಂಪನಿಯವರು ಕುಣಿಯುತ್ತಿದ್ದರು.

"ರಕ್ತ ನಿಂತಿರ್ನಿಲ್ಲ ಕಣವ್ವ" ಎಂದಿದ್ದರಂತೆ ನರ್ಸಮ್ಮ. "ಅಂತಾ ಹೊತ್ನಲ್ಲಿ ಹೆಣ್ಣ ನೀರ್ಗೆ ಇಳ್ಸಿದ್ರೆ ಉಳೀತಾಳಾ? ಜ್ವರ ಅವ್ಳಿಗೆ, ಬೆನ್ನು ತಾನೆ ಬೇಕು, ನಂದು ಅದೇ ಎತ್ತರ ಅಂತ ಕಂಪ್ನಿಯೋರ್ಗೆ ನಾನೇ ಅಂದೆ. ಕಟ್ಟುಕೂದ್ಲು ಇಟ್ಟು, ಮೈಗೆ ಬಿಳಿ ಬಣ್ಣ ಬಳ್ದು ಇಳ್ಸುದ್ರು. ಈ ಮಾತು ಇಲ್ಲಿಗೇ ಬುಟ್ಬುಡು. ಆ ತಾಯಿ ಹೊಟ್ಟೆ ಮಾತು ಅದು."

ಅವ್ವ ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದರು. ಗಂಡನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿರಲ್ಲ ಅವ್ವ, ತಪ್ಪೇನಿದೆ ಎಂದೆ. ಅವ್ವ ನನ್ನ ಮುಖ ನೋಡಲಿಲ್ಲ.

"ಗುಟ್ಟು ಹೇಳ್ಬೇಕಾಗೇ ಇರ್ನಿಲ್ಲ ಕಣಮ್ಮಿ. ತೊಟ್ಲ್ ಶಾಸ್ತ್ರುಕ್ಕೆ ಅವ್ರನ್ನ ಕರೀರಿ ಅಂದಿದ್ರೆ ಸಾಕಾಗಿತ್ತು. ಅಷ್ಟೂ ನನ್ ಬಾಯಿಂದ ಬರ್ನಿಲ್ಲ..."

ಮರುದಿನವೇ ನಾವಿಬ್ಬರೂ ಗುಂಡ್ಲುಪೇಟೆಗೆ ಹೋದೆವು. ಅವ್ವ ಮಡಿಲಕ್ಕಿಗೆಂದು ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಎಲ್ಲ ಒಂದು ಗಂಟು ಕಟ್ಟಿಕೊಂಡಿದ್ದರು. ಕೇಳಿಕೊಂಡು ಕೇಳಿಕೊಂಡು ಹೋಗಿ ಮನೆ ಹುಡುಕಿದರೆ ಅಲ್ಲಿ ಬೇರೆಯವರಿದ್ದರು. ನರ್ಸಮ್ಮ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಪಕ್ಕದ ಮನೆಯ ಹೆಂಗಸು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಅವರ ಗುಣಗಾನ ಮಾಡಿದಳು. ಈ ಬೀದಿಯ ಮಕ್ಕಳೆಲ್ಲ ಅವರ ಕೈಯಲ್ಲೇ ಹುಟ್ಟಿದ್ದು ಎಂದಳು. ಆಮೇಲೆ, ಏನೋ ನೆನಪಾಗಿ, ಒಂದು ಮಾತು ಹೇಳಿದಳು.

"ಒಂದೇ ಕಣವ್ವ ಆವಮ್ಮಂದು. ಹೆಸ್ರಿಡೋ ದಿನ ಎಷ್ಟ್ ಕರದ್ರೂ ಬರ್ತಿರ್ನಿಲ್ಲ. ಕಾಲ್ ಹಿಡ್ಕಂಡ್ರೂ ಬರ್ನಿಲ್ಲ. ತೊಟ್ಲು ಅಂದ್ರೆ ಸಾಕು, ಬಾಗ್ಲಾಕಂಡು ಕೂತ್ಕಬುಡೋರು."

ಅವ್ವ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಚಾಮರಾಜನಗರಕ್ಕೆ ವಾಪಸು ಬಂದರು. ಆ ಅಕ್ಕಿಯನ್ನು ಬೇಯಿಸಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಹುಳ ಬಿದ್ದ ಮೇಲೆ ನಾನೇ ಹೊರಗೆ ಚೆಲ್ಲಿದೆ.

ಅವ್ವನೂ ಈಗಿಲ್ಲ. ಅಮೇರಿಕದಮ್ಮನ ಹೊಟ್ಟೆಯ ಮಾತನ್ನು ಇಲ್ಲಿ ಬರೆಯುತ್ತಿದ್ದೇನಲ್ಲ, ನರ್ಸಮ್ಮ ಮೆಚ್ಚುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಆದರೆ ಈ ಮಾತು ನನ್ನ ಜೊತೆಗೇ ಹೋದರೆ, ಅವರ ಪಾಲಿಗೆ ಉಳಿಯುವುದು ಟೆಂಟಿನ ಆ ಸಿಳ್ಳೆ ಒಂದೇ.

ಕಳೆದ ತಿಂಗಳು ಕೈ ತೊಳೆದು ಒಳಗೆ ಬಂದಾಗ ಎಲ್ಲರೂ ತೊಟ್ಟಿಲ ಸುತ್ತ ಸೇರಿದ್ದರು. ಈಗ ಮಕ್ಕಳು ಹುಟ್ಟುವುದು ದೊಡ್ಡ ಆಸ್ಪತ್ರೆಗಳಲ್ಲಿ. ಹಿಡಿದ ಕೈ ಯಾರದ್ದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಿರಿಯಳೆಂದು ಮಗುವನ್ನು ನನ್ನ ಕೈಗೇ ಕೊಟ್ಟರು. ತೊಟ್ಟಿಲಿಗೆ ಹಾಕಿದೆ. ಮಗು ನನ್ನ ಬೆರಳು ಹಿಡಿದುಕೊಂಡಿತ್ತು. ಬೆರಳಿಗೆ ಇನ್ನೂ ಸೋಪಿನ ವಾಸನೆ. ತಮ್ಮ ಪಕ್ಕದಲ್ಲಿ ನಿಂತು, ಎಪ್ಪತ್ತಕ್ಕೆ ಹತ್ತಿರವಾದ ತನ್ನ ಬೋಳುತಲೆ ಸವರಿಕೊಳ್ಳುತ್ತಾ, ನಗುತ್ತಾ ಕೇಳಿದ.

"ಅಕ್ಕ, ನನ್ನ ತೊಟ್ಲಿಗೆ ಹಾಕಿದ್ದು ಯಾರು?"

ಅವನಿಗೆ ಏನೂ ಗೊತ್ತಿಲ್ಲ. ಹೇಳುವವರು ನಾನೊಬ್ಬಳೇ ಉಳಿದಿರುವುದು.

"ಹಾಕ್ಬೇಕಾದೋರು ಹಾಕ್ಲಿಲ್ಲ ಕಣಪ್ಪ" ಎಂದೆ.